ಅಜ್ಜಿ ನಡುಗಿದ ಶುಕ್ರವಾರ

ನಮ್ಮ ಚರ್ಚಿನಲ್ಲಿ ಶುಕ್ರವಾರ ನಡುಗದವರನ್ನು ಹುಡುಕಬೇಕು. ಉಪವಾಸ ಪ್ರಾರ್ಥನೆಯ ಮೊದಲ ಹಾಡು ಮುಗಿಯುವುದರೊಳಗೆ ರಾಜಶ್ರೀ ಅಕ್ಕನಿಗೆ ಪವಿತ್ರಾತ್ಮ ಬಂದಿರುತ್ತದೆ. ಬಳೆಗಳು ಗಿಲಿಗಿಲಿ ಎನ್ನುತ್ತವೆ, ಕಣ್ಣು ಮುಚ್ಚಿರುತ್ತದೆ, ತಲೆ ಗಾಳಿಗೆ ಸಿಕ್ಕ ಜೋಳದ ತೆನೆಯ ಹಾಗೆ ಆಡುತ್ತದೆ. ಆದರೆ ಸೆರಗು ಮಾತ್ರ ಒಂದು ಬೆರಳಷ್ಟೂ ಜಾರುವುದಿಲ್ಲ! ಅದೊಂದು ಪವಾಡವೆಂದೇ ನಾನು ನಂಬಿದ್ದೇನೆ. ಅವಳ ಹಿಂದೆ ಇನ್ನೂ ನಾಲ್ಕಾರು ಜನ ಶುರು ಮಾಡುತ್ತಾರೆ. ಯಾರೂ ಏನೂ ಕೇಳುವುದಿಲ್ಲ. "ಸ್ತೋತ್ರ, ಸ್ತೋತ್ರ" ಅನ್ನುತ್ತಾರೆ, ಹಾಡು ಮುಂದುವರಿಯುತ್ತದೆ.

ಆ ಶುಕ್ರವಾರ ನಮ್ಮ ಅಜ್ಜಿ ಅಮರಮ್ಮ ನಡುಗಿದಳು. ಹಾಡು ನಿಂತೇ ಹೋಯಿತು.

ಕಾರಣ ಮಸ್ಕಿಯ ನಮ್ಮ ಓಣಿಗೆಲ್ಲ ಗೊತ್ತು. ಕಾಲುವೆಯ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಮಾಡಿಸಿಕೊಳ್ಳುವ ಮೊದಲು ಅಜ್ಜಿಯ ಮೈಮೇಲೆ ದುರುಗಮ್ಮ ಬರುತ್ತಿದ್ದಳು. ಎಮ್ಮೆ ಕಳೆದವರು, ಮಗಳಿಗೆ ಗಂಡು ಸಿಗದವರು, ಮಕ್ಕಳಾಗದವರು ಅಜ್ಜಿಯ ಮುಂದೆ ಬಂದು ಕೂರುತ್ತಿದ್ದರು. ದೇವಿ ಬರುವ ಕ್ರಮ ಒಂದೇ. ಮೊದಲು ಎಡಗಾಲು ನೆಲ ಬಡಿಯುತ್ತದೆ, ಆಮೇಲೆ ತುರುಬು ಬಿಚ್ಚಿಕೊಳ್ಳುತ್ತದೆ, ಆಮೇಲೆ ಹೊಟ್ಟೆಯ ಆಳದಿಂದ "ಹೂಂ" ಎಂಬ ಸದ್ದು. ಚರ್ಚಿನಲ್ಲಿ ಆದದ್ದೂ ಅದೇ. ಎಡಗಾಲು, ತುರುಬು, ಹೂಂ. ಆ ಮುದಿ ಮೈಗೆ ನಡುಗುವುದಕ್ಕೆ ಬೇರೆ ರೀತಿ ಎಲ್ಲಿಂದ ಬರಬೇಕು?

ಆದರೂ ಅಷ್ಟಕ್ಕೇ ನಿಂತಿದ್ದರೆ ಮುಚ್ಚಿಹೋಗುತ್ತಿತ್ತೇನೋ. ಅನಾಹುತ ಮಾಡಿದವಳು ನಾಗವೇಣಿ ಅತ್ತೆ. ಅವಳೂ ದೀಕ್ಷಾಸ್ನಾನ ಆದವಳೇ, ಕೊರಳಲ್ಲಿ ಶಿಲುಬೆ ಹಾಕಿಕೊಂಡವಳೇ. ಅಜ್ಜಿಯ "ಹೂಂ" ಕಿವಿಗೆ ಬಿದ್ದದ್ದೇ ತಡ, ಮೂಲೆಯಲ್ಲಿದ್ದ ಕುಡಿಯುವ ನೀರಿನ ಚೊಂಬು ತಂದು ಅಜ್ಜಿಯ ಪಾದಕ್ಕೆ ಸುರಿದು, ಸೆರಗೊಡ್ಡಿ ಕೂತುಬಿಟ್ಟಳು.

"ಯವ್ವಾ ತಾಯಿ, ಏನ್ ಬೇಕು ಹೇಳು. ಏನ್ ತಪ್ಪಾಗೈತಿ ಹೇಳು."

ಅಜ್ಜಿ ಕಣ್ಣು ತೆರೆಯದೆ, "ನನಗೇನೂ ಬ್ಯಾಡ. ಏನೂ ಬ್ಯಾಡ" ಎಂದಳು. ಪಕ್ಕದಲ್ಲಿದ್ದ ನನಗೆ ಅದು ಚೆನ್ನಾಗಿ ಕೇಳಿಸಿತು. ಉಳಿದವರೆಲ್ಲ ಅವಳ ಕಾಲಿನಿಂದ ಹರಿದುಹೋಗುತ್ತಿದ್ದ ನೀರನ್ನೇ ನೋಡುತ್ತಿದ್ದರು.

ನಮ್ಮ ಪಾಸ್ಟರ್ ಇರುವುದು ಲಿಂಗಸುಗೂರಿನಲ್ಲಿ, ಬರುವುದು ಭಾನುವಾರ. ಶುಕ್ರವಾರದ ಕೂಟ ನಡೆಸುವುದು ಸಭೆಯ ಹಿರಿಯ ಹನುಮಂತರಾಯ. ಅವರ ಮುಖ ಸುಣ್ಣದ ಹಾಗಾಗಿತ್ತು.

"ಯಾರದು ನೀರು ಹಾಕಿದ್ದು?"

"ನನಗ ಗೊತ್ತಾಗ್ಲಿಲ್ರೀ ಹಿರಿಯರ, ಕೈ ತಾನ ಹೋತು" ಎಂದಳು ನಾಗವೇಣಿ ಅತ್ತೆ.

"ಕೈ ತಾನ ಹೋತಂತ! ನಾಳೆ ಕೋಳೀನೂ ತಾನ ನಡಕೋಂತ ಬರ್ತದ."

ಯಾರೋ ಕಿಸಕ್ಕೆಂದರು. ಹನುಮಂತರಾಯರು ನಗಲಿಲ್ಲ. ಬರುವ ಭಾನುವಾರ ಕರ್ತನ ಭೋಜನ, ರೊಟ್ಟಿ ಮುರಿದು ದ್ರಾಕ್ಷಾರಸ ಹಂಚುವ ದಿನ. ಅಮರಮ್ಮನಿಗೆ ರೊಟ್ಟಿ ಕೊಡುವಂತಿಲ್ಲ ಎಂದು ಅಲ್ಲೇ ಹೇಳಿಬಿಟ್ಟರು. "ಪಾಸ್ಟರ್ ಬಂದು ಬಿಡಿಸಬೇಕು. ಒಳಗಿನ ದೆವ್ವ ಅಕಿ ಬಾಯಿಂದನ ತನ್ನ ಹೆಸರು ಹೇಳಬೇಕು, ಬಿಟ್ಟು ಹೊಂಟೀನಿ ಅನ್ನಬೇಕು. ಆಮ್ಯಾಲ ರೊಟ್ಟಿ."

ನನ್ನ ಬಾಯಿ ಸುಮ್ಮನಿರಬೇಕಲ್ಲ. "ರಾಜಶ್ರೀ ಅಕ್ಕ ವಾರಾ ವಾರಾ ನಡಗ್ತಾಳಲ್ರೀ? ಅಕಿ ಹೆಸರು ಯಾರೂ ಕೇಳಂಗಿಲ್ಲ?"

"ಏ ಪ್ರಿಯಾಂಕಾ, ಸಿಂಧನೂರು ಕಾಲೇಜಿಗೆ ಹೋಗ್ತೀನಂತ ಭಾಳ ಮಾತಾಡಬ್ಯಾಡ. ಬೈಬಲ್‌ನ್ಯಾಗ ಜ್ಞಾನೋಕ್ತಿ ಪುಸ್ತಕ ಓದಿಯಿಲ್ಲ? ಜ್ಞಾನ ಅನ್ನಾಕಿ ಬಾಗಿಲಾಗ ನಿಂತು ಕರೀತಾಳ. ಮೂರ್ಖತನ ಅನ್ನಾಕೀನೂ ಬಾಗಿಲಾಗ ಕುಂತು ಕರೀತಾಳ. ಇಬ್ಬರ ಮಾತೂ ಒಂದ. ತಿಳಿವಳಿಕಿ ಇಲ್ಲದವರು ಈ ಕಡಿ ಬರ್ರಿ ಅಂತ. ಒಳಗ ಹೋದಮ್ಯಾಲ ಗೊತ್ತಾಗ್ತದ ಅದು ಯಾರ ಮನಿ ಅಂತ. ಒಮ್ಮೆ ಆ ಮನಿಯಾಗ ಹೋಗಿ ಬಂದಾವ ನಾನು."

ಅಜ್ಜಿ ತುರುಬು ಕಟ್ಟಿಕೊಂಡು, ಒದ್ದೆ ಕಾಲಿನಲ್ಲೇ ಎದ್ದು ಮನೆಗೆ ಹೊರಟಳು. ಯಾರೂ ಅವಳ ಕೈ ಹಿಡಿಯಲಿಲ್ಲ.

ಮಾರನೆಯ ದಿನ ಸಿಂಧನೂರಿನ ಬಸ್ಸಿಗೆ ಕಾಯುವ ಬದಲು ರಸ್ತೆ ದಾಟಿ ಲಿಂಗಸುಗೂರಿನ ಬಸ್ಸು ಹತ್ತಿದೆ. ಗಂಗಾಧರ ಪಾಸ್ಟರ್ ಮನೆಯಲ್ಲಿ ತಟ್ಟೆ ತುಂಬ ಮಂಡಕ್ಕಿಯ ಮಂಡಾಳ ಒಗ್ಗರಣೆ, ಮಿರ್ಚಿ. ನಾನು ತಿನ್ನುತ್ತಲೇ ವಾದ ಶುರು ಮಾಡಿದೆ. ಬರುವಾಗ ಬಸ್ಸಿನ ಕಿಟಕಿಗೆ ಹೇಳಿ ಹೇಳಿ ಬಾಯಿಪಾಠ ಮಾಡಿಕೊಂಡಿದ್ದೆ.

"ಪಾಸ್ಟರ್, ದೇವಿ ಬಂದ್ರ ಏನರ ಬೇಡೇ ಬೇಡ್ತಿದ್ಲಂತ. ಸೀರಿ, ಕಾಯಿ, ಕೋಳಿ. ಶುಕ್ರವಾರ ನಾಗವೇಣಿ ಅತ್ತಿ ಏನ್ ಬೇಕು ಅಂದ್ರ, ಏನೂ ಬ್ಯಾಡ ಅಂದ್ಲು ಅಜ್ಜಿ. ನಾ ಕಿವಿಯಾರೆ ಕೇಳೀನಿ. ಏನೂ ಬೇಡದಾಕಿ ದೇವಿ ಹೆಂಗ ಆಗ್ತಾಳ್ರೀ?"

ಪಾಸ್ಟರ್ ತಟ್ಟೆ ಕೆಳಗಿಟ್ಟರು.

"ಲೋಕ ಹುಟ್ಟೋಕಿಂತ ಮೊದಲ ಜ್ಞಾನ ದೇವರ ಹತ್ತಿರ ಇತ್ತು ಅಂತ ವಾಕ್ಯ ಹೇಳ್ತದ" ಎಂದರು. "ಆಕಾಶ ಹರಡೋವಾಗ, ಸಮುದ್ರಕ್ಕ ಗಡಿ ಹಾಕೋವಾಗ ಅಕಿ ಅಲ್ಲೇ ಇದ್ಲು, ಆಟ ಆಡೋ ಕೂಸಿನಂಗ ಸಂತೋಷದಾಗ. ಯಾರು ಅಕಿ? ಭಾಳ ಮಂದಿ ಅದು ಕ್ರಿಸ್ತನೇ ಅಂತಾರ. ಅಪೊಸ್ತಲ ಪೌಲನೂ ಹಂಗ ಅಂದಾನ. ಆದ್ರ ಮೊದಲಿನ ಕಾಲದ ಸಭೆ ಹಿರಿಯರೊಳಗ ಕೆಲವರು, ಇಲ್ಲ, ಅಕಿ ಪವಿತ್ರಾತ್ಮ ಅಂದ್ರು. ದೇವರಿಗೆ ಎರಡು ಕೈ, ಒಂದು ಮಗ, ಒಂದು ಆತ್ಮ. ಎರಡೂ ಕೈಲೆ ಲೋಕ ಮಾಡಿದ ಅಂತ."

"ನಿಮಗ ಯಾವುದು ಖರೇ ಅನಿಸ್ತದ?"

"ಎರಡನೇದ್ದು. ಆತ್ಮ ಅಂದ್ರ ಜ್ಞಾನದ ಆತ್ಮ, ವಿವೇಕದ ಆತ್ಮ ಅಂತ ಪ್ರವಾದಿ ಯೆಶಾಯನೂ ಹೇಳ್ಯಾನ. ಹಂಗಾದ್ರ ಆತ್ಮ ಬಂದೈತಿ ಅಂತ ತಿಳಿಯೋದು ನಡುಗೋದ್ರಿಂದಲ್ಲ. ಆಮ್ಯಾಲ ಬಾಯಿಂದ ಏನು ಬಂತು, ಕೈಯಿಂದ ಏನಾತು, ಅದರಿಂದ."

"ಹಂಗಾದ್ರ ನಾಳೆ ಹೇಳಿಬಿಡ್ರಿ! ಅಜ್ಜಿಗೆ ಬಂದದ್ದು ಆತ್ಮ ಅಂತ."

ಪಾಸ್ಟರ್ ಬಾಗಿಲ ಕಡೆ ನೋಡಿದರು. "ಹೇಳಾಕ ಬರಲ್ಲವಾ. ಏನೂ ಬ್ಯಾಡ ಅಂದಿದ್ದು ನೀ ಒಬ್ಬಾಕಿ ಕೇಳೀದಿ. ಇನ್ನೊಂದು, ನಡುಕ ಮುಖ್ಯ ಅಲ್ಲ ಅಂತ ಹೇಳಿದ್ನೆಂದ್ರ ಶುಕ್ರವಾರ ಯಾರು ಬರ್ತಾರ? ಹನುಮಂತರಾಯ ಸಿಟ್ಟಾದ್ರ ಅರ್ಧ ಸಭೆ ಅವನ ಹಿಂದ ಹೋಗ್ತದ." ಆಮೇಲೆ ದನಿ ತಗ್ಗಿಸಿದರು. "ಒಂದು ಮಾಡೋಣ. ನಾಳೆ ಅಜ್ಜಿ ಚರ್ಚಿಗೆ ಬರೋದು ಬ್ಯಾಡ. ಸಂಜಿಕ ನಾನ ಮನಿಗೆ ಬಂದು ರೊಟ್ಟಿ ಕೊಡ್ತೀನಿ. ಯಾರ ಮುಂದೂ ಹೇಳಬ್ಯಾಡ್ರಿ."

ನಾನು ಕುಣಿದುಕೊಂಡು ಮನೆಗೆ ಬಂದೆ. ರೊಟ್ಟಿ ಸಿಕ್ಕರೆ ಸಾಕಲ್ಲ, ಎಲ್ಲಿ ಸಿಕ್ಕರೇನು?

ಅಜ್ಜಿ ಪುಂಡಿಪಲ್ಯದ ಎಲೆ ಬಿಡಿಸುತ್ತ ಕೂತಿದ್ದಳು. ಪೂರ್ತಿ ಕೇಳಿಸಿಕೊಂಡು, "ಕದ್ದು ತಿನ್ನಾಕ ನಾನೇನು ಬೆಕ್ಕೇನು?" ಎಂದಳು.

ಅಪ್ಪ ಹೊಸ್ತಿಲ ಮೇಲೆ ಕೂತು ಕೇಳುತ್ತಿದ್ದ. ಅವನ ಹೆಸರು ದ್ಯಾವಪ್ಪ. ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತು ಬಂದವನಿಗೆ ಉದ್ದದ ಮಾತು ಆಗುವುದಿಲ್ಲ. "ಹಂಗಾದ್ರ ನಾಳೆ ಹೇಳಿಬಿಡು ಬೇ. ನಾ ದುರುಗಮ್ಮ, ಹೊಂಟೀನಿ ಅನ್ನು. ಮುಗೀತು. ನಿನಗೇನು ಹೊಸಾದ? ಒಂದು ನಾಟಕ."

"ನಾ ಯಾವತ್ತೂ ನಾಟಕ ಮಾಡಿಲ್ಲ ಲೇ" ಎಂದಳು ಅಜ್ಜಿ. ಅವಳ ಕೈ ನಿಂತಿತು. "ಆವಾಗೂ ಮಾಡಿಲ್ಲ, ಈಗೂ ಮಾಡಲ್ಲ. ಬಂದಾಕಿ ಯಾರಂತ ನನಗ ಗೊತ್ತಾಗ್ಲಿಲ್ಲ. ಖರೇನ ಗೊತ್ತಾಗ್ಲಿಲ್ಲ. ಮೈ ಹಳೇದು, ಅದಕ್ಕ ಒಂದ ದಾರಿ ಗೊತ್ತು. ಆ ದಾರಿಲೆ ಬಂದವರು ಯಾರು? ಬಂದಿದ್ದು ಪವಿತ್ರಾತ್ಮ ಇದ್ದು, ನಾ ಅದಕ್ಕ ದೆವ್ವ ಅಂದ್ರ? ಆ ಒಂದು ಪಾಪಕ್ಕ ಮಾಫಿ ಇಲ್ಲಂತ ಯೇಸುಸ್ವಾಮಿ ಹೇಳ್ಯಾನಂತಲ್ಲ. ಪಾಸ್ಟರ್ ಓದಿದ್ದು ನಾ ಕೇಳೀನಿ."

"ಹಂಗಾದ್ರ ಆತ್ಮ ಅನ್ನು ಅಜ್ಜಿ!" ಎಂದೆ ನಾನು.

"ಗೊತ್ತಿಲ್ದ ಅದನ್ನರ ಹೆಂಗ ಅನ್ನಲಿ?" ಅಜ್ಜಿ ನನ್ನ ಕಡೆ ತಿರುಗಿದಳು. "ಹನುಮಂತನ ಮಗಳು ಐಶ್ವರ್ಯ ಇದ್ಲಲ್ಲ, ನೀ ಹುಟ್ಟೋಕಿಂತ ಮೊದಲು. ಜ್ವರ ಬಂದಿತ್ತು. ದವಾಖಾನಿಗೆ ಹೋಗೋಕಿಂತ ಮೊದಲು ಕೂಸಿನ್ನ ತಂದು ನನ್ನ ಮುಂದ ಮಲಗಿಸಿದ್ರು. ನಾ ನಡುಗಿದೆ. ಜ್ವರ ಇಳೀತದ, ಮನಿಗೆ ಒಯ್ರಿ ಅಂದೆ. ನನಗ ಗೊತ್ತೈತಿ ಅಂತ ಅನಿಸಿತ್ತು. ಬೆಳಗಾಗೋದ್ರಾಗ ಕೂಸು ಹೋತು. ಇಷ್ಟು ವರ್ಷದಾಗ ಅವ ನನಗ ಒಂದು ಮಾತು ಅಂದಿಲ್ಲ. ನಾನೂ ನಂದು ತಪ್ಪಾತು ಅಂದಿಲ್ಲ. ಇನ್ನೊಮ್ಮೆ ಗೊತ್ತೈತಿ ಅಂತ ಹೇಳಂದ್ರ ನಾ ಹೇಳಲ್ಲ ಮಗಳ."

ಅಪ್ಪ ಎದ್ದು ಹೊರಗೆ ಹೋದ. ನಾನು ಬಿಡಿಸಿದ ಎಲೆಗಳನ್ನೇ ಮತ್ತೆ ಬಿಡಿಸುತ್ತ ಕೂತೆ. ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಮಕ್ಕಳ ಮಾತಿನ ಹಾಗೆ ಕಂಡಿತು.

ಭಾನುವಾರ ಅಜ್ಜಿ ಬಿಳಿ ಸೀರೆ ಉಟ್ಟು ಎಲ್ಲರಿಗಿಂತ ಮೊದಲು ಹೋಗಿ ಮುಂದೆ ಕೂತಳು. ಅವಳನ್ನು ನೋಡಿ ಪಾಸ್ಟರ್ ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೇ. ಮೇಜಿನ ಮೇಲೆ ಬಿಳಿ ಬಟ್ಟೆ, ಸ್ಟೀಲ್ ತಟ್ಟೆಯಲ್ಲಿ ಹನುಮಂತರಾಯರ ಹೆಂಡತಿ ಗಂಗಾದೇವಿ ಮಾಡಿಕೊಟ್ಟ ಚಪಾತಿಯ ಚೂರುಗಳು, ಸಣ್ಣ ಲೋಟಗಳಲ್ಲಿ ದ್ರಾಕ್ಷಾರಸ.

ಪಾಸ್ಟರ್ ಅಜ್ಜಿಯ ತಲೆಯ ಮೇಲೆ ಕೈಯಿಟ್ಟರು. ಸಭೆಯೆಲ್ಲ ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥನೆ ಮಾಡತೊಡಗಿತು.

"ಯಾರು ನೀನು? ಹೆಸರು ಹೇಳು!"

"ಅಮರಮ್ಮ."

"ಒಳಗಿರೋದು ಯಾರು?"

"ಒಳಗ ಯಾರೂ ಇಲ್ರೀ ಪಾಸ್ಟರ್. ಶುಕ್ರವಾರ ಯಾರೋ ಬಂದಿದ್ರು. ಯಾರಂತ ನನಗ ತಿಳೀಲಿಲ್ಲ. ನಿಮಗ ತಿಳಿದಿದ್ರ ನೀವ ಹೇಳ್ರಿ."

ಪ್ರಾರ್ಥನೆಯ ಗದ್ದಲ ಹಿಂದಿನ ಸಾಲಿನಿಂದ ಒಂದೊಂದಾಗಿ ನಿಂತಿತು. ಪಾಸ್ಟರ್ ಕೈ ತೆಗೆದರು. ಆಗ ಯಾರೂ ಎಣಿಸದವಳು ಮಾತಾಡಿದಳು. ರಾಜಶ್ರೀ ಅಕ್ಕ.

"ಪಾಸ್ಟರ್, ನನಗೂ ಒಂದೊಂದು ಸಲ ತಿಳಿಯಲ್ರೀ" ಎಂದಳು. ನಾಚಿಕೆಯಿಂದ ಅವಳ ಮುಖ ಕೆಂಪಾಗಿತ್ತು. "ಹಾಡು ಶುರುವಾದ ಕೂಡ್ಲೇ ಎಲ್ಲಾರೂ ನನ್ನ ಕಡಿ ನೋಡ್ತಾರ. ನಡುಗಲಿಲ್ಲಂದ್ರ ಏನಂತಾರೋ ಅಂತ ಅಂಜಿಕಿ."

ಪಾಸ್ಟರ್ ರೊಟ್ಟಿಯ ತಟ್ಟೆ ಎತ್ತಿಕೊಂಡರು. ತಟ್ಟೆ ಕೈಯಲ್ಲಿ ಗಡಗಡ ನಡುಗುತ್ತಿತ್ತು. ಅದು ಯಾವ ಆತ್ಮ ಎಂದು ಯಾರೂ ಕೇಳಲಿಲ್ಲ.

"ಕೊಟ್ರ ನಾ ಹೋಗ್ತೀನಿ" ಎಂದರು ಹನುಮಂತರಾಯ.

"ತಿಳಿವಳಿಕಿ ಇಲ್ಲದವರಿಗಂತನ ಜ್ಞಾನ ಅನ್ನಾಕಿ ಊಟದ ಮೇಜು ಹಾಕ್ಯಾಳಂತ ಜ್ಞಾನೋಕ್ತಿ ಹೇಳ್ತದ ಹನುಮಂತರಾಯ. ತಿಳಿದವರಿಗಲ್ಲ" ಎಂದ ಪಾಸ್ಟರ್, ಒಂದು ಚೂರು ತೆಗೆದು ಅಜ್ಜಿಯ ಅಂಗೈಯಲ್ಲಿಟ್ಟರು.

ಹನುಮಂತರಾಯರು ಹಂಚಲೆಂದು ಎತ್ತಿಕೊಂಡಿದ್ದ ಲೋಟಗಳ ತಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದರು. ಗಂಗಾದೇವಿ ಅಮ್ಮ ಹಿಂದೆಯೇ ಎದ್ದಳು. ಇನ್ನೂ ಮೂರು ನಾಲ್ಕು ಮನೆಯವರು ಚಪ್ಪಲಿ ಹುಡುಕಿಕೊಂಡು ಹೊರಟರು. ಅಜ್ಜಿಯ ಕೈ ಮಾತ್ರ ಬಾಯಿಯ ಕಡೆ ಹೋಗಲಿಲ್ಲ.

"ತಿನ್ನು ಅಜ್ಜಿ" ಎಂದೆ ಪಿಸುಮಾತಿನಲ್ಲಿ.

"ಹನುಮಂತನ್ನ ಕರಕೊಂಡು ಬಾ. ಅವ ಬರದ ನಾ ತಿನ್ನಲ್ಲ."

ನಾನು ಓಡಿದೆ. ಅವರು ಆಗಲೇ ಗಾಡಿ ಶುರು ಮಾಡಿದ್ದರು. ಗಂಗಾದೇವಿ ಅಮ್ಮ ಹಿಂದೆ ಕೂತಿದ್ದಳು.

"ಹಿರಿಯರ, ಅಜ್ಜಿ ಕರಿಯಾಕತ್ತಾಳ್ರೀ. ನೀವು ಬರದ ತಿನ್ನಲ್ಲಂತ."

"ತಿನ್ನಬ್ಯಾಡಂತ ಹೇಳು." ಅವರು ನನ್ನ ಮುಖ ನೋಡಲಿಲ್ಲ. "ನಿಮ್ಮಜ್ಜಿ ಒಮ್ಮೆ ನಮ್ಮ ಮನಿಗೆ ಒಂದು ಮಾತು ಹೇಳ್ಯಾಳ. ನಿನಗೇನು ಗೊತ್ತು?"

"ಗೊತ್ತ್ರೀ. ಐಶ್ವರ್ಯಂದು. ಅಜ್ಜೀನ ಹೇಳ್ಯಾಳ."

"ಅಕೀನ ಹೇಳ್ಯಾಳಾ? ಏನಂತ?"

"ಗೊತ್ತೈತಿ ಅಂತ ತಿಳಕೊಂಡು ಹೇಳಿದ್ದೆ ಅಂದ್ಲು. ನಂದು ತಪ್ಪಾತು ಅಂತ ನಿಮ್ಮ ಮುಂದ ಹೇಳಾಕ ಬಾಯಿ ಬರಲಿಲ್ಲಂತ."

ಗಂಗಾದೇವಿ ಅಮ್ಮ ಗಾಡಿಯಿಂದ ಇಳಿದಳು.

"ಏ, ಎಲ್ಲಿಗೆ? ಹತ್ತು" ಎಂದರು ಹನುಮಂತರಾಯ. ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. ಅವಳು ತಿರುಗಿ ನೋಡದೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಾಗಿಲ ಕಡೆ ನಡೆದಳು. ಅವರು ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದುಕೊಂಡು, ಕಾಲು ನೆಲಕ್ಕೂರಿ ಹಾಗೇ ಕೂತರು. ನಾನು ಗಂಗಾದೇವಿ ಅಮ್ಮನ ಹಿಂದೆ ಓಡಿದೆ.

ಒಳಗೆ ಬಂದಾಗ ಅಜ್ಜಿಯ ಅಂಗೈ ತೆರೆದೇ ಇತ್ತು.

"ಬಂದನಾ?"

"ಗಂಗಾದೇವಿ ಅಮ್ಮ ಬಂದಾಳ. ಅವರು ಗಾಡಿ ಮ್ಯಾಲ ಕುಂತಾರ."

"ಕುಂದ್ರಲಿ" ಎಂದಳು ಅಜ್ಜಿ. "ಕಾಯೋಣ."

ಪಾಸ್ಟರ್ ಮುಂದಿನ ಹಾಡು ಎತ್ತಲಿಲ್ಲ. ತಟ್ಟೆ ಹಿಡಿದುಕೊಂಡೇ ಚಾಪೆಯ ಮೇಲೆ ಕೂತರು. ನಾವೆಲ್ಲ ಬಾಗಿಲ ಕಡೆ ನೋಡುತ್ತ ಕೂತೆವು. ಹೊರಗೆ ಗಾಡಿಯ ಇಂಜಿನ್ ಇನ್ನೂ ಓಡುತ್ತಲೇ ಇತ್ತು.