ಒಂದೇ ಕೈಗೆ ಬರೆದ ಲೈಸೆನ್ಸು

ನಾನು ಒಂದು ವಿದ್ಯಾರ್ಥಿ ಲೈಸೆನ್ಸು. ಫೋಟೋ ತಿದ್ದುವ ಸಾಫ್ಟ್‌ವೇರನ್ನು ರಿಯಾಯಿತಿ ಬೆಲೆಗೆ ಬಳಸಲು ಕಾಲೇಜಿನಲ್ಲಿ ಓದುವವರಿಗೆ ಕೊಡುವ ಅನುಮತಿ. ನನಗೆ ತೂಕವಿಲ್ಲ, ಬಣ್ಣವಿಲ್ಲ, ಮುಟ್ಟಿದರೆ ಸಿಗುವ ಮೈಯಿಲ್ಲ. ಆದರೂ ಹುಟ್ಟಿದ್ದೇನೆ, ದುಡಿದಿದ್ದೇನೆ, ಒಂದು ಮನೆಯ ಜಗಳಕ್ಕೆ ಕಾರಣವೂ ಆಗಿದ್ದೇನೆ. ಕೊಡೆ, ಸೈಕಲ್ಲು, ನಾಣ್ಯ ಮುಂತಾದವು ತಮ್ಮ ಕಥೆ ಹೇಳುವಾಗ ಕೈಯಿಂದ ಕೈಗೆ ಹೋದದ್ದನ್ನು ಹೇಳುತ್ತವೆ. ನನಗೆ ಆ ಅವಕಾಶವಿಲ್ಲ. ಕೈ ಬದಲಾಗಬಾರದು ಎಂಬುದೇ ನನ್ನ ಹುಟ್ಟಿನ ಜೊತೆ ಬಂದ ನಿಯಮ. ಆ ನಿಯಮದಿಂದ ಒಬ್ಬ ಹುಡುಗಿಗೆ ಏನಾಯಿತು ಎಂಬುದಷ್ಟೇ ನನ್ನ ಕಥೆ.

ನಾನು ಹುಟ್ಟಿದ್ದು ದೂರದ ಯಾವುದೋ ಊರಿನ ಸರ್ವರ್‌ನಲ್ಲಿ, ಸದಾ ತಣ್ಣಗಿರುವ ಕೋಣೆಯಲ್ಲಿ. ಹುಟ್ಟಿಗೆ ಕಾರಣಳಾದವಳು ಗದಗ ಬೆಟಗೇರಿಯ ದಾನೇಶ್ವರಿ. ಚಿತ್ರಕಲಾ ಕಾಲೇಜಿನಲ್ಲಿ ಫೋಟೋಗ್ರಫಿ ಓದುತ್ತಿದ್ದಳು. ತಾನು ವಿದ್ಯಾರ್ಥಿನಿ ಎಂದು ತೋರಿಸಲು ಅವಳು ಮೊದಲು ಕಳಿಸಿದ ಕಾಲೇಜಿನ ಗುರುತಿನ ಚೀಟಿಯ ಚಿತ್ರವನ್ನು ನಮ್ಮ ಕಂಪನಿಯ ಯಂತ್ರ ತಿರಸ್ಕರಿಸಿತು. ಚೀಟಿಯ ಪ್ಲಾಸ್ಟಿಕ್ಕಿನ ಮೇಲೆ ಟ್ಯೂಬ್‌ಲೈಟ್ ಹೊಳೆದು ಅವಳ ಹೆಸರೇ ಮುಚ್ಚಿಹೋಗಿತ್ತು. ಅವಳು ಬೇಸರಪಡಲಿಲ್ಲ. ಚೀಟಿಯನ್ನು ಕಿಟಕಿಯ ಹತ್ತಿರ ನೆರಳಿನಲ್ಲಿಟ್ಟು, ಓರೆಯಿಂದ ಬೆಳಕು ಬೀಳುವಂತೆ ನೋಡಿಕೊಂಡು ಮತ್ತೊಮ್ಮೆ ತೆಗೆದಳು. ಈ ಸಲ ಹೆಸರು ಸ್ಪಷ್ಟವಾಗಿತ್ತು. ಆ ಹೆಸರಿಗೆ ನಾನು ಹುಟ್ಟಿದೆ.

ಪೂರ್ಣ ಬೆಲೆಯ ಲೈಸೆನ್ಸುಗಳು ನನ್ನ ಅಣ್ಣಂದಿರು. ಕೆಲಸದಲ್ಲಿ ಅವರಿಗೂ ನನಗೂ ವ್ಯತ್ಯಾಸವಿಲ್ಲ. ಅವರು ಮಾಡುವುದನ್ನೆಲ್ಲ ನಾನೂ ಮಾಡಬಲ್ಲೆ. ವ್ಯತ್ಯಾಸ ಇರುವುದು ಷರತ್ತುಗಳಲ್ಲಿ. ನನ್ನನ್ನು ಎರಡು ಕಂಪ್ಯೂಟರುಗಳಲ್ಲಿ ಹಾಕಿಕೊಳ್ಳಬಹುದು, ಆದರೆ ಒಂದೇ ಹೊತ್ತಿಗೆ ಎರಡರಲ್ಲೂ ತೆರೆಯುವಂತಿಲ್ಲ. ಪ್ರತಿ ವರ್ಷ ವಿದ್ಯಾರ್ಥಿಯೇ ಹೌದೋ ಎಂದು ಕೇಳಲಾಗುತ್ತದೆ. ಹಣ ಪಡೆದು ಮಾಡುವ ಕೆಲಸಕ್ಕೂ ಬಳಸಬಹುದು, ಆದರೆ ಕೆಲಸ ಮಾಡುವ ಕೈ ವಿದ್ಯಾರ್ಥಿಯದೇ ಆಗಿರಬೇಕು. ತಾಯಿ, ತಂದೆ, ಬಂಧು ಯಾರಿಗೂ ಕೊಡುವಂತಿಲ್ಲ. ಇವನ್ನೆಲ್ಲ ಒಪ್ಪಿದ್ದೇನೆ ಎಂದು ಬಹಳ ಜನ ಓದದೆಯೇ ಒತ್ತುತ್ತಾರೆ. ದಾನೇಶ್ವರಿ ಓದಿ ಒತ್ತಿದಳು.

ದಿನವೂ ತರಗತಿ ಮುಗಿದ ಮೇಲೆ ಅವಳು ಕಾಕಾನ, ಅಂದರೆ ಚಿಕ್ಕಪ್ಪನ, ಫೋಟೋ ಸ್ಟುಡಿಯೋಕ್ಕೆ ಹೋಗುತ್ತಿದ್ದಳು. ಚೀಲದಲ್ಲಿ ಲ್ಯಾಪ್‌ಟಾಪು, ಲ್ಯಾಪ್‌ಟಾಪಿನಲ್ಲಿ ನಾನು. ಕಾಕಾನ ಹೆಸರು ಫಕೀರಪ್ಪ. ಮದುವೆ ಆಲ್ಬಮ್ಮಿಗೆ ಬೆಟಗೇರಿಯಲ್ಲಿ ಅವನದೇ ಹೆಸರು. ಸ್ಟುಡಿಯೋದ ಒಳಕೋಣೆಯಲ್ಲಿ ಒಂದು ತಿರುಗು ಕುರ್ಚಿ, ಅದರ ಮುಂದೆ ದೊಡ್ಡ ಕಂಪ್ಯೂಟರು. ಫೋಟೋ ತಿದ್ದಿ ಆಲ್ಬಮ್ ಮಾಡುವುದು ಅಲ್ಲಿಯೇ. ದಾನೇಶ್ವರಿಗೆ ಆ ಕುರ್ಚಿಯ ಮೇಲೆ ಆಸೆ. ಓದು ಮುಗಿಸಿ ಅಲ್ಲಿಯೇ ಕೂತು ಕೆಲಸ ಮಾಡಬೇಕು ಎಂಬುದೇ ಅವಳ ಓದಿನ ಗುರಿ. ಆದರೆ ಕಾಕಾ ಅವಳಿಗೆ ಕೊಟ್ಟದ್ದು ಮದುವೆಗಳಲ್ಲಿ ಲೈಟ್ ಹಿಡಿಯುವ ಕೆಲಸ, ಮದುಮಗಳ ಸೆರಗು ಸರಿಮಾಡುವ ಕೆಲಸ.

"ಕುರ್ಚ್ಯಾಗ ಕೂಡೋದು ಹೆಣ್ಮಕ್ಕಳ ಕೆಲಸ ಅಲ್ಲ," ಎನ್ನುತ್ತಿದ್ದ. "ಗಿರಾಕಿ ಕೂಡ ವಾದಾ ಹಾಕಬೇಕಾಗತೈತಿ. ನನ್ನ ಕಣ್ಣು ಮಂದ ಆದ ಮ್ಯಾಲ ಹುಬ್ಬಳ್ಳಿಂದ ಒಬ್ಬಾವನ್ನ ತಂದು ಕೂಡಸ್ತೀನಿ."

ಕಾಕಾನ ಕಂಪ್ಯೂಟರಿನಲ್ಲಿ ಇದ್ದದ್ದು ಅದೇ ಸಾಫ್ಟ್‌ವೇರಿನ ಕದ್ದ ಪ್ರತಿ. ಅದು ನಮ್ಮ ಮನೆತನದ ಮುಖವಾಡ ಹಾಕಿಕೊಂಡು ಎಷ್ಟೋ ವರ್ಷ ದುಡಿದಿತ್ತು. ಅದರ ಜೊತೆಯೇ ಒಳಬಂದ ವೈರಸ್ಸು ಒಂದು ಮಧ್ಯಾಹ್ನ ಅದನ್ನೇ ತಿಂದು ಹಾಕಿತು. ಆ ಹೊತ್ತಿಗೆ ಶಂಕ್ರವ್ವ ಎಂಬ ನೇಕಾರ ಮನೆಯ ಹೆಂಗಸಿನ ಮಗಳ ಮದುವೆ ಆಲ್ಬಮ್ ಬಾಕಿಯಿತ್ತು. ಮಗಳು ನೀಲಾ ನಾಗರಪಂಚಮಿಗೆ ತವರಿಗೆ ಬಂದು, ಮರಳಿ ಹೋಗುವಾಗ ಅದನ್ನು ಗಂಡನ ಮನೆಗೆ ಒಯ್ಯಬೇಕು.

ಕಾಕಾ ದಾನೇಶ್ವರಿಯ ಪಾಸ್‌ವರ್ಡ್ ಕೇಳಿದ. ಮನೆಯ ಹಿರಿಯ, ಇಲ್ಲವೆನ್ನಲು ಬಾಯಿ ಬರದೆ ಅವಳು ಕೊಟ್ಟಳು. ಆಗ ಶುರುವಾಯಿತು ನನ್ನ ಪಾಡು. ಅವಳು ಕಾಲೇಜಿನಲ್ಲಿ ನನ್ನನ್ನು ತೆರೆಯುವಳು, ಕಾಕಾ ಇತ್ತ ಸ್ಟುಡಿಯೋದಲ್ಲಿ ತೆರೆಯುವನು. ಒಂದು ಬಾಗಿಲು ತೆರೆದರೆ ಇನ್ನೊಂದು ಮುಚ್ಚುತ್ತಿತ್ತು. ಕಾಕಾನ ಬೆರಳುಗಳು ಕೆಟ್ಟವೇನಲ್ಲ, ಬಹಳ ಪಳಗಿದವು. ಆದರೆ ಅವು ನನ್ನವಲ್ಲ. ಕಡೆಗೆ ಕಂಪನಿಯಿಂದ ಎಚ್ಚರಿಕೆ ಬಂತು: ಬೇರೆಯವರು ಬಳಸುವುದು ನಿಲ್ಲದಿದ್ದರೆ ಲೈಸೆನ್ಸು ರದ್ದು. ರದ್ದಾದರೆ ಅವಳ ಅಂತಿಮ ವರ್ಷದ ಕೆಲಸವೆಲ್ಲ ಅರ್ಧಕ್ಕೆ ನಿಲ್ಲುತ್ತಿತ್ತು.

ದಾನೇಶ್ವರಿ ಅಂದೇ ಪಾಸ್‌ವರ್ಡ್ ಬದಲಿಸಿ ಸ್ಟುಡಿಯೋಕ್ಕೆ ಬಂದು ಹೇಳಿದಳು. ಕಾಕಾನಿಗೆ ಅರ್ಥವೇ ಆಗಲಿಲ್ಲ.

"ಮನ್ಯಾಗ ಗ್ಯಾಸ್ ಯಾರ ಹೆಸರಿಗೈತಿ?" ಎಂದ.

"ಅಜ್ಜಿ ಹೆಸರಿಗೆ."

"ಅಡಗಿ ಮಾಡಾಕಿ ನಿಮ್ಮವ್ವ, ಉಣ್ಣಾವ್ರು ನಾವೆಲ್ಲಾರೂ. ಇದೂ ಹಂಗ. ಹೆಸರು ಒಬ್ಬರದು, ಒಲಿ ಎಲ್ಲಾರದು."

"ಇದು ಗ್ಯಾಸ್ ಅಲ್ಲ ಕಾಕಾ, ಬಸ್ ಪಾಸು. ನನ್ನ ಪಾಸ್ ತೋರಿಸಿ ನೀ ಹುಬ್ಬಳ್ಳಿಗೆ ಹೋದ್ರ ಕಂಡಕ್ಟರ್ ಬಿಡ್ತಾನೇನು? ಫೋಟೋದಾಗ ಎರಡು ಜಡಿ ಅದಾವು, ನಿನ್ನ ಮಾರಿ ಮ್ಯಾಲ ಮೀಸಿ ಐತಿ."

ಕಾಕಾನ ಮೀಸೆ ನಗಲು ಹೋಗಿ ತಡೆದುಕೊಂಡಿತು. "ಕಾಕಾಗ ಕಾಯ್ದೆ ಹೇಳಾಕ ಬಂದೀಯೇನು? ಹೋಗು. ಮತ್ತೊಂದು ಕಾಪಿ ಎಲ್ಲೆರ ಸಿಗತೈತಿ."

ಸಿಕ್ಕಿತು ಕೂಡ. ಆದರೆ ಆ ಕಾಪಿ ನೀಲಾಳ ಹಣೆಯ ಮೇಲೆ ಅಡ್ಡಲಾಗಿ ಯಾವುದೋ ಪರದೇಶದ ಅಕ್ಷರಗಳ ಮುದ್ರೆ ಒತ್ತುತ್ತಿತ್ತು. ಪ್ರತಿ ಚಿತ್ರಕ್ಕೂ ಅದೇ. ಕಾಕಾ ಎರಡು ದಿನ ಒದ್ದಾಡಿದ. ಪಂಚಮಿ ಹತ್ತಿರ ಬಂದಿತ್ತು. ದಾನೇಶ್ವರಿ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಒಳಕೋಣೆಯ ಬಾಗಿಲಲ್ಲಿ ನಿಂತಳು.

"ಕಾಕಾ, ಲೈಸೆನ್ಸ್ ನಿನಗ ಕೊಡಾಕ ಬರಂಗಿಲ್ಲ. ಆದ್ರ ನಾ ಕೆಲಸ ಮಾಡಿ ಕೊಡಬಹುದು, ಅದಕ್ಕ ಒಪ್ಪಿಗಿ ಐತಿ. ಕೈ ನಂದ ಆಗಬೇಕು, ಅಷ್ಟ. ಕುರ್ಚಿ ಬಿಡು."

ಕಾಕಾ ಪರದೆಯ ಮೇಲಿನ ಮುದ್ರೆಯನ್ನು ನೋಡಿದ, ಗೋಡೆಯ ಕ್ಯಾಲೆಂಡರ್ ನೋಡಿದ, ಕಡೆಗೆ ಎದ್ದ. "ಈ ಆಲ್ಬಮ್ ಒಂದ," ಎಂದ. "ಕೆಡಿಸಿದ್ರ ಲೈಟ್ ಹಿಡ್ಯಾಕ ಹೋಗು, ಮತ್ತ ಈ ಕೋಣಿ ಕಡೆ ನೋಡಬ್ಯಾಡ."

ಹಾಗೆ ನಾನು ಆ ದೊಡ್ಡ ಕಂಪ್ಯೂಟರಿಗೆ ನ್ಯಾಯವಾಗಿ ಬಂದೆ. ಕುರ್ಚಿ ಅವಳಿಗೆ ಎತ್ತರ. ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ.

ಬಹಳಷ್ಟು ಕೆಲಸ ಸಲೀಸಾಗಿ ಸಾಗಿತು. ತೊಡಕಾದದ್ದು ಮನೆಯವರೆಲ್ಲ ನಿಂತ ಗುಂಪಿನ ಫೋಟೋ. ನೀಲಾಳ ತಂದೆ ಸಂಗಪ್ಪ ಮದುವೆಗೆ ಮುಂಚಿನ ವರ್ಷ ತೀರಿಕೊಂಡಿದ್ದ. ಅವನನ್ನು ಮಗಳ ಪಕ್ಕ ಸೇರಿಸಿ ಕೊಡಬೇಕಿತ್ತು. ಈ ಕಡೆ ಇದು ಬಹಳಷ್ಟು ಮದುವೆ ಆಲ್ಬಮ್ಮುಗಳಲ್ಲಿ ನಡೆಯುವ ಪದ್ಧತಿ. ಅದಕ್ಕೆ ಕಾಕಾನ ಹತ್ತಿರ ಒಂದು ಸಿದ್ಧ ದೇಹವಿತ್ತು: ನೀಲಿ ಕೋಟು, ಕೆಂಪು ಟೈ ಕಟ್ಟಿದ, ತಲೆಯಿಲ್ಲದ ಒಬ್ಬ ಗಂಡಸು. ಮತದಾರರ ಚೀಟಿಯಿಂದ ಮುಖ ಕತ್ತರಿಸಿ ಅದರ ಮೇಲೆ ಕೂಡಿಸಿದರೆ ಆಯಿತು. ಬೆಟಗೇರಿಯ ಎಷ್ಟೋ ಮನೆಗಳಲ್ಲಿ ತೀರಿಕೊಂಡ ತಂದೆಯರು, ಅಜ್ಜಂದಿರು ಅದೇ ಕೋಟಿನಲ್ಲಿ ನಿಂತಿದ್ದರು.

ಆಲ್ಬಮ್ ವಿಚಾರಿಸಲು ಬಂದ ಶಂಕ್ರವ್ವನನ್ನು ದಾನೇಶ್ವರಿ ಒಳಗೆ ಕರೆದಳು. "ನಿಮ್ಮ ಯಜಮಾನ್ರು ಏನ್ ಹಾಕ್ಕೋತಿದ್ರು ಶಂಕ್ರವ್ವಾರ?"

"ಏನ್ ಹಾಕ್ಕೋತಾರವಾ, ಮಗ್ಗದ ಮನಿ. ಬಿಳಿ ಅಂಗಿ, ಧೋತರ. ಮ್ಯಾಲಿನ ಗುಂಡಿ ಹಾಕಿದ್ದು ನಾ ಒಂದಿನಾ ಕಾಣ್ಲಿಲ್ಲ."

"ಆ ಅಂಗಿ ಐತೇನ್ರಿ?"

"ಐತಿ. ಒಗ್ಯಾಕ ಮನಸಾಗಿಲ್ಲ."

ದಾನೇಶ್ವರಿ ಸಂಗಪ್ಪನ ತಮ್ಮನಿಗೆ ಆ ಅಂಗಿ ತೊಡಿಸಿದಳು. ಗುಂಪಿನ ಫೋಟೋ ತೆಗೆದ ಅದೇ ಅಂಗಳದಲ್ಲಿ, ನೆರಳು ಅಷ್ಟೇ ಉದ್ದ ಬೀಳುವ ಹೊತ್ತಿಗೆ ಕಾದು, ನಿಲ್ಲಿಸಿ ತೆಗೆದಳು. ಮೈ ಸಿಕ್ಕಿತು, ಇನ್ನು ಮುಖ. ಮನೆಯಲ್ಲಿ ಇದ್ದ ಸಂಗಪ್ಪನ ಒಳ್ಳೆಯ ಫೋಟೋದಲ್ಲಿ ಬೆಳಕು ಎಡಗಡೆಯಿಂದ ಬಿದ್ದಿತ್ತು, ಅಂಗಳದಲ್ಲಿ ಬಲಗಡೆಯಿಂದ.

"ತಿರುವಿ ಹಾಕು, ಯಾರಿಗೆ ಗೊತ್ತಾಗತೈತಿ?" ಎಂದ ಹಿಂದೆ ನಿಂತ ಕಾಕಾ.

"ತಿರುವಿದ್ರ ಬಲಗಲ್ಲದ ಮಚ್ಚಿ ಎಡಕ್ಕ ಹೋಗತೈತಿ. ಮನ್ಯಾಗಿನ ಮಂದಿಗೆ ಗೊತ್ತಾಗತೈತಿ ಕಾಕಾ."

ಅವಳು ಶಂಕ್ರವ್ವನ ಬಳಗದವರ ಹಳೆಯ ಆಲ್ಬಮ್ಮುಗಳನ್ನೆಲ್ಲ ತರಿಸಿಕೊಂಡಳು. ಯಾರದೋ ಮದುವೆಯ ಊಟದ ಪಂಕ್ತಿಯ ತುದಿಯಲ್ಲಿ, ಕೈಯಲ್ಲಿ ಹುಗ್ಗಿಯ ಬಕೆಟ್ಟು ಹಿಡಿದು, ಬಲಗಡೆಯ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿದ್ದ ಸಂಗಪ್ಪ ಸಿಕ್ಕ. ಆ ಸಣ್ಣ ಮುಖವನ್ನು ದೊಡ್ಡದು ಮಾಡಿ, ಮಸುಕು ತೆಗೆದು, ಕೊರಳಿಗೆ ಹೊಂದಿಸುವಾಗ ನನ್ನಲ್ಲಿದ್ದ ಶಕ್ತಿಯನ್ನೆಲ್ಲ ಅವಳು ಬಳಸಿದಳು. ನೀಲಾಳ ಮುಖವನ್ನು ಬಿಳಿ ಮಾಡಲಿಲ್ಲ. ತಂದೆ ಮಗಳು ಇಬ್ಬರದೂ ಒಂದೇ ಬಣ್ಣ. ಅಕ್ಕಪಕ್ಕ ನಿಂತಾಗ ಅದು ಕಾಣಬೇಕಿತ್ತು.

ಪಂಚಮಿಯ ಮಾರನೆಯ ದಿನ ತಾಯಿ ಮಗಳು ಬಂದರು. ನಾನು ಪರದೆಯ ಮೇಲೆ ತೆರೆದೇ ಇದ್ದೆ. ದಾನೇಶ್ವರಿ ಆಲ್ಬಮ್ಮಿನ ಹಾಳೆಗಳನ್ನು ಒಂದೊಂದಾಗಿ ತಿರುವಿ, ಆ ಗುಂಪಿನ ಫೋಟೋಕ್ಕೆ ಬಂದು ಕೈ ತೆಗೆದಳು. ಶಂಕ್ರವ್ವ ಬಗ್ಗಿದಳು. ಮುಖವನ್ನು ಹಾಳೆಯ ಹತ್ತಿರ ತಂದು ನೋಡಿದಳು. ಆಮೇಲೆ ಆ ಹೆಂಗಸು ಬೆರಳಿನಿಂದ ಗಂಡನ ಕೊರಳನ್ನು ತಟ್ಟಿ ಬೈದಳು: "ಮಗಳ ಮದುವ್ಯಾಗರ ಒಂದು ಗುಂಡಿ ಹಾಕ್ಕೋಬಾರದೇನ್ರಿ?"

ನೀಲಾ ನಕ್ಕಳು. ನಗುತ್ತಿರುವಾಗಲೇ ಅವಳ ಕಣ್ಣೀರು ಹಾಳೆಯ ಮೇಲೆ ಬಿತ್ತು. ದಾನೇಶ್ವರಿ ಅದನ್ನು ಒರೆಸಲು ತನ್ನ ಓಢಣಿಯ ತುದಿ ಕೊಟ್ಟಳು.

ಅವರು ಹೋದ ಮೇಲೆ ಕಾಕಾ ಒಳಗೆ ಬಂದ. ಹೊಗಳಲು ಅವನಿಗೆ ಬರುವುದಿಲ್ಲ. ಕುರ್ಚಿಯ ಕೆಳಗೆ ಬಗ್ಗಿ ಏನನ್ನೋ ತಿರುಗಿಸಿದ. ಕುರ್ಚಿ ಸರ್ರನೆ ಕೆಳಗಿಳಿದು ಅವಳ ಕಾಲು ನೆಲ ಮುಟ್ಟಿತು. "ಬೆನ್ನು ನೋಯ್ತೈತಿ, ಎತ್ತರ ಕುಂತ್ರ," ಎಂದು ಹೊರಗೆ ಹೋದ. ಹುಬ್ಬಳ್ಳಿಯವನ ಮಾತು ಆ ಸ್ಟುಡಿಯೋದಲ್ಲಿ ಮತ್ತೆ ಬರಲಿಲ್ಲ.

ಆಮೇಲಿನ ನನ್ನ ದಿನಗಳು ವೈಭವದವು. ಶಂಕ್ರವ್ವ ಊರೆಲ್ಲ ಹೇಳಿದಳು. ಜನ ಕೋಟು ತೊಟ್ಟ ತಮ್ಮ ಹಿರಿಯರನ್ನು ಗೋಡೆಯಿಂದ ಇಳಿಸಿಕೊಂಡು ಬಂದರು. ಒಬ್ಬರಿಗೆ ತಲೆಗೆ ಸುತ್ತುವ ಪಟಗಾ, ಒಬ್ಬರಿಗೆ ಪೋಸ್ಟ್‌ಮ್ಯಾನಿನ ಖಾಕಿ ಮರಳಿ ಸಿಕ್ಕಿತು. ವಾದಾ ಹಾಕುವ ಗಿರಾಕಿಗಳನ್ನು ಕಾಕಾ ಒಳಗೆ ಕಳಿಸತೊಡಗಿದ: "ಒಳಗ ಹೋಗ್ರಿ, ಅಕ್ಕಾರು ಕುಂತಾರ, ಅವರಿಗೆ ಹೇಳ್ರಿ." ಕಾಲೇಜಿನಲ್ಲಿ ಆ ಚಿತ್ರಗಳ ಮೇಲೆಯೇ ಅವಳು ತನ್ನ ಅಂತಿಮ ವರ್ಷದ ಪ್ರದರ್ಶನ ಮಾಡಿದಳು, ಮೊದಲ ದರ್ಜೆಯಲ್ಲಿ ಪಾಸಾದಳು.

ಪಾಸಾದದ್ದೇ ನನ್ನ ಮುಪ್ಪು. ವರ್ಷದ ಪ್ರಶ್ನೆ ಪರದೆಯ ಮೇಲೆ ಬಂತು: ಈಗಲೂ ವಿದ್ಯಾರ್ಥಿಯೇ?

"ಕಾಲೇಜಿನ ಚೀಟಿ ಇನ್ನೂ ನಡೀತೈತಲ್ಲ, ಹೌದಂತ ಒತ್ತು," ಎಂದ ಕಾಕಾ.

"ಚೀಟಿ ನಡೀತೈತಿ ಕಾಕಾ. ನಾ ಕಲ್ಯಾಕತ್ತಿಲ್ಲ, ಕೆಲಸ ಮಾಡಾಕತ್ತೀನಿ."

ಅವಳು ಇಲ್ಲ ಎಂದು ಒತ್ತಿದಳು. ನನ್ನ ಅಣ್ಣನನ್ನು, ಪೂರ್ಣ ಬೆಲೆಯ ಲೈಸೆನ್ಸನ್ನು, ಕೊಳ್ಳುವ ಪುಟ ತೆರೆಯಿತು. ಹಣ ಕಟ್ಟುವವನು ಕಾಕಾ. ಯಾರ ಹೆಸರಿಗೆ ಎಂಬ ಜಾಗ ಬಂದಾಗ ಅವಳ ಬೆರಳು ನಿಂತಿತು. ಕಾಕಾ ಕನ್ನಡಕ ಹಾಕಿಕೊಂಡು ಪರದೆಗೆ ಮುಖ ತಂದ.

"ಯಾಕ ನಿಂತಿ? ಕುರ್ಚ್ಯಾಗ ಕುಂತಾವ್ರು ಯಾರು, ಅವರ ಹೆಸರು ಹಾಕು."

ಅವಳು ತನ್ನ ಹೆಸರು ಬರೆದಳು. ಅದೇ ಕ್ಷಣ ನನ್ನ ಅವಧಿ ಮುಗಿಯಿತು. ಈಗ ನಾನು ಸರ್ವರ್‌ನ ಒಂದು ಮೂಲೆಯಲ್ಲಿ, ಮುಗಿದ ಲೈಸೆನ್ಸುಗಳ ಸಾಲಿನಲ್ಲಿದ್ದೇನೆ. ಇಲ್ಲಿ ಯಾರೂ ನಮ್ಮನ್ನು ತೆರೆಯುವುದಿಲ್ಲ. ನನ್ನ ಸಾಲಿನ ಬಹಳಷ್ಟು ಲೈಸೆನ್ಸುಗಳು ಹತ್ತು ಕೈಗಳಲ್ಲಿ ಓಡಾಡಿ, ರದ್ದಾಗಿ ಬಂದವು. ಅವು ತಾವು ಕಂಡ ಊರುಗಳನ್ನು ಎಣಿಸುವಾಗ ನಾನು ಸುಮ್ಮನಿರುತ್ತೇನೆ. ನಾನು ಕಂಡದ್ದು ಒಂದೇ ಊರು, ನನ್ನವೆಂದದ್ದು ಒಂದೇ ಜೊತೆ ಕೈ. ಆ ಕೈಗಳು ಇವತ್ತು ಬೆಳಿಗ್ಗೆಯೂ ಕೆಲಸಕ್ಕೆ ಕೂತಿವೆ.