ಭಾವನ ಟೊಮೇಟೊ

ಅಕ್ಕನ ಮದುವೆಯ ಮರುವರ್ಷವೇ ಭಾವ ಹೆಂಡತಿಯ ತಂಗಿಯನ್ನು ತನ್ನ ಲ್ಯಾಬಿಗೆ ಸೇರಿಸಿಕೊಂಡ. ಅವನು ಅಲ್ಲಿನ ಮುಖ್ಯಸ್ಥ. ಮಾತಿಗೆ ನಿಂತರೆ ಗೋಡೆಯೂ ತಲೆಯಾಡಿಸಬೇಕು, ಅಂಥ ಬಾಯಿ. ಆದರೆ ಎಲೆ ಮುದುಡುವ ರೋಗ ತಗಲದಂತೆ ಟೊಮೇಟೊಗೆ ಬೇರೆ ಗಿಡದ ಜೀನ್ ಸೇರಿಸುವ ಕೆಲಸವೆಲ್ಲ ತಂಗಿಯದೇ. ಎಲೆಚೂರುಗಳನ್ನು ಗಾಜಿನ ತಟ್ಟೆಯಲ್ಲಿ ಚಿಗುರಿಸಿ, ಸತ್ತದ್ದನ್ನು ಎಸೆದು, ಮತ್ತೆ ಚಿಗುರಿಸಿ, ವರ್ಷಗಟ್ಟಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದು ಕೊನೆಗೂ ಒಂದು ಗಿಡ ಎಬ್ಬಿಸಿದಳು.

ಪೇಟೆಂಟ್ ಬಂದಾಗ ಅದರಲ್ಲಿ ಭಾವನ ಹೆಸರೊಂದೇ ಇತ್ತು.

“ನಾನು ಹೇಳಿದ್ದನ್ನ ನೀನು ಮಾಡಿದೆ, ಅಷ್ಟೇ ತಾನೇ? ಅಡುಗೆಯವಳ ಹೆಸರನ್ನ ಯಾರಾದ್ರೂ ಹೋಟೆಲ್ ಬೋರ್ಡ್ ಮೇಲೆ ಬರೆಸ್ತಾರಾ?” ಎಂದು ಊಟಕ್ಕೆ ಕೂತಾಗ ಭಾವ ನಕ್ಕ. ಅಕ್ಕನೂ ನಕ್ಕಳು. ಭಾವನ ಮಾತಿಗಿಂತ ಅಕ್ಕನ ನಗು ತಂಗಿಯನ್ನು ಹೆಚ್ಚು ಸುಟ್ಟಿತು. ಮರುದಿನವೇ ಕೆಲಸ ಬಿಟ್ಟಳು. ಹಲ್ಲು ಕಚ್ಚಿಕೊಂಡು ಕಾದಳು.

ಕೆಲವು ವರ್ಷಗಳ ಮೇಲೆ ಬೇರೊಂದು ಬೀಜದ ಕಂಪನಿ ಅದೇ ಜೀನ್ ಇರುವ ಟೊಮೇಟೊ ಮಾರತೊಡಗಿತು. ಭಾವ ಅವರ ಮೇಲೆ ಕೇಸು ಹಾಕಿದ. ಆ ಕಂಪನಿಯ ವಕೀಲೆ ತಂಗಿಯ ಮನೆ ಹುಡುಕಿಕೊಂಡು ಬಂದಳು.

“ಪೇಟೆಂಟಿಗೆ ಅರ್ಜಿ ಹಾಕೋಕೆ ಮುಂಚೆ ನಿಮ್ಮ ಭಾವ ಹೊರಗಿನವರಿಗೆ ಇದನ್ನ ತೋರಿಸಿದ್ರಾ? ತೋರಿಸಿದ್ರೆ ಪೇಟೆಂಟ್ ನಿಲ್ಲಲ್ಲ. ಅವರು ಇಲ್ಲ ಅಂತಾರೆ.”

“ತೋರಿಸಿದ್ರು. ಬಹಳ ಮುಂಚೆಯೇ ಒಂದು ದಿನ ಲ್ಯಾಬ್ ನೋಡೋಕೆ ಜನರನ್ನ ಬಿಟ್ಟಿದ್ವಿ, ಅವತ್ತು.”

“ನೀವು ಸಾಕ್ಷಿ ಹೇಳ್ತೀರಾ?”

“ನಾನು ಹೇಳಿದ್ರೆ ಹೊಟ್ಟೆಕಿಚ್ಚು ಅಂತಾರೆ. ಭಾವನ ಬಾಯಿಂದಲೇ ಹೇಳಿಸಿ,” ಎಂದಳು ತಂಗಿ. “ಅವತ್ತು ಎಲ್ಲಾ ವಿವರಿಸಿದ್ದು ನಿಮ್ಮ ನಾದಿನಿಯಂತೆ, ನಿಮಗೆ ಬಾಯೇ ಬರಲಿಲ್ಲವಂತೆ ಅನ್ನಿ. ಆಮೇಲೆ ಸುಮ್ಮನೆ ನಿಂತ್ಕೊಳ್ಳಿ.”

ವಿಚಾರಣೆಯ ದಿನ ತಂಗಿ ಬೇಕೆಂದೇ ಮುಂದಿನ ಸಾಲಿನಲ್ಲಿ ಕೂತಳು. ಕಟಕಟೆಯಲ್ಲಿ ಭಾವ ಮೊದಲು ಯಾರಿಗೂ ತೋರಿಸಿಲ್ಲ ಎಂದ. ತಂಗಿ ಹೇಳಿಕೊಟ್ಟಂತೆಯೇ ವಕೀಲೆ ಕೇಳಿದಳು. ಅವನು ತಿರುಗಿ ನೋಡಿದ. ತಂಗಿ ಅಯ್ಯೋ ಪಾಪ ಎಂಬಂತೆ ತಲೆಯಾಡಿಸಿದಳು.

ಭಾವನ ಮುಖ ಕೆಂಡವಾಯಿತು. “ಇವಳಿಗೇನು ಗೊತ್ತಿತ್ತು? ಅಷ್ಟು ಜನರ ಮುಂದೆ ಮಾತಾಡಿದ್ದು ನಾನು! ಯಾವ ಜೀನ್, ಹೇಗೆ ಸೇರಿಸೋದು, ಎಲ್ಲಾ ಬಿಡಿಸಿ ಹೇಳಿದೆ. ಕೇಳಿದವರಿಗೆಲ್ಲ ಬೀಜಾನೂ ಕೊಟ್ಟೆ!”

ಅವನ ವಕೀಲ ಹಣೆ ಹಿಡಿದುಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪೇಟೆಂಟ್ ರದ್ದಾಯಿತು.

ತೀರ್ಪಿನ ದಿನ ಅಕ್ಕ ಕೋರ್ಟಿನ ಮೆಟ್ಟಿಲ ಮೇಲೆ ತಂಗಿಯನ್ನು ತಡೆದಳು. “ನಿನ್ನ ಗಿಡಾನೂ ಊರ ಪಾಲಾಯ್ತಲ್ಲೇ! ನಿನಗೇನು ಸಿಕ್ತು?”

“ಊರೇ ತಿನ್ನಲಿ ಬಿಡಕ್ಕ. ನಿನ್ನ ಗಂಡ ಒಬ್ಬನೇ ತಿನ್ನಬಾರದು.”

ಅಂದಿನಿಂದ ಅಕ್ಕ ಮಾತು ಬಿಟ್ಟಳು. ಭಾವನನ್ನು ಕುರ್ಚಿಯಿಂದ ಇಳಿಸಿದರೆಂಬ ಸುದ್ದಿ ಕಿವಿಗೆ ಬಿದ್ದ ದಿನ ತಂಗಿ ಎರಡು ತುತ್ತು ಹೆಚ್ಚೇ ಉಂಡಳು.