ದೇವರ ಮುಂದಿನ ಬಾಟಲಿ

ಊಟಕ್ಕೆ ಮುಂಚೆ ಯಜಮಾನರು ಪೂಜೆಗೆ ಕೂತಿದ್ದರು. ಮೊಮ್ಮಗಳು ತಾರಿಣಿ ಅಡುಗೆಮನೆಗೆ ಬಂದು ಮೆಲ್ಲಗೆ ಕೇಳಿದಳು:

"ಅಜ್ಜಿ, ರೆನಾಟೆ ಕೊಟ್ಟ ಬಾಟಲ್ ಎಲ್ಲಿ?"

"ದೇವರ ಮುಂದ ಇಟ್ಟೀನಿ."

"ಓ ಮೈ ಗಾಡ್, ಅಜ್ಜಿ! ಅದು ವೈನ್!"

ನನ್ನ ಕೈಯ ಸೌಟು ನಿಂತಿತು.

ರೆನಾಟೆ, ತಾರಿಣಿ ಮದುವೆಯಾಗಬೇಕೆಂದಿರುವ ಲುಕಾಸ್‌ನ ತಾಯಿ. ಆಸ್ಟ್ರಿಯಾದಿಂದ ಬಂದವರನ್ನು ಅವನು ತಾನಿರುವ ಹ್ಯಾರಿಸನ್ ಊರಿನಿಂದ ಮನ್ರೋ ಊರಿನ ನಮ್ಮ ಮನೆಗೆ ಕರೆತಂದಿದ್ದ. ಬಾಗಿಲಲ್ಲೇ ಬಟ್ಟೆಯ ಚೀಲವೊಂದನ್ನು ಕೊಟ್ಟು, "ನನ್ನ ತಮ್ಮನ ದ್ರಾಕ್ಷಿ ತೋಟದ್ದು" ಎಂದಿದ್ದರು. ರಸವಿರಬೇಕು ಎಂದುಕೊಂಡೆ. ವಿಜಯಪುರದ ನಮ್ಮ ಮನೆಯಲ್ಲಿ ಹೊಸ ದ್ರಾಕ್ಷಿ ದೇವರಿಗೆ ತೋರಿಸದೆ ಯಾರೂ ಬಾಯಿಗೆ ಹಾಕುತ್ತಿರಲಿಲ್ಲ. ಚೀಲಕ್ಕೆ ಕುಂಕುಮ ಹಚ್ಚಿ ಇಟ್ಟುಬಿಟ್ಟಿದ್ದೆ.

ಯಜಮಾನರ ಅಣ್ಣ ಕುಡಿದು ಕುಡಿದೇ ಸತ್ತವರು. ನಮ್ಮ ಮನೆಯೊಳಗೆ ಅಂಥ ಬಾಟಲಿ ಎಂದೂ ಬಂದಿರಲಿಲ್ಲ. ಈ ಮದುವೆಗೂ ಯಜಮಾನರು ಹೂಂ ಅಂದಿರಲಿಲ್ಲ. "ಬರಲಿ, ನೋಡೂಣು" ಎಂದಿದ್ದರಷ್ಟೆ.

ತಾರಿಣಿ ಓಡಿಹೋಗಿ ಅತಿಥಿಗಳಿಗೆ ವಿಷಯ ಹೇಳಿದಳು. ಒಳಗೆ ಗಂಟೆಯ ಸದ್ದು ನಿಂತಿತು. ಏಳಹೊರಟ ಲುಕಾಸ್‌ನ ಕೈಯನ್ನು ರೆನಾಟೆ ಒತ್ತಿ ಕೂರಿಸಿದರು.

ಯಜಮಾನರು ಹೊರಬಂದರು. ಹಣೆಯ ವಿಭೂತಿ ಇನ್ನೂ ಹಸಿ. ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಖಾಲಿ ಚೀಲ.

"ಇದನ್ನು ಒಳಗೆ ಇಟ್ಟವರು ಯಾರು?" ಇಂಗ್ಲಿಷಿನಲ್ಲೇ ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ರೆನಾಟೆ ಎದ್ದು ನಿಂತಿದ್ದರು.

"ನಾನು. ತಿಳಿಯದೆ ಇಟ್ಟೆ. ಕ್ಷಮಿಸಿ."

ಯಜಮಾನರು ಚೀಲದ ಮೇಲಿನ ಕುಂಕುಮ ನೋಡಿದರು. ಆಮೇಲೆ ನನ್ನ ಉಂಗುರದ ಬೆರಳು ನೋಡಿದರು. ತುದಿ ಇನ್ನೂ ಕೆಂಪಗಿತ್ತು; ಸೆರಗಿನಲ್ಲಿ ಮುಚ್ಚಿಕೊಂಡೆ. ತಾರಿಣಿಯ ಕಣ್ಣು ತುಂಬಿತ್ತು.

"ತಾರಿಣಿ, ಅವರಿಗೆ ಗ್ಲಾಸ್ ತಗೊಂಡ ಬಾ," ಎಂದು ಯಜಮಾನರು ಬಾಟಲಿಯನ್ನು ಮೇಜಿನ ಮೇಲಿಟ್ಟರು. "ನನಗ ಮಜ್ಜಿಗಿ."

ಊಟಕ್ಕೆ ಕೂತಾಗ ರೆನಾಟೆ ಎಣ್ಣೆಗಾಯಿ ಬಾಯಿಗಿಟ್ಟರು. ಖಾರಕ್ಕೆ ಮುಖ ಕೆಂಪೇರಿತು. ವೈನ್ ಒಂದು ಗುಟುಕು ಕುಡಿದರು. ನಾವೆಲ್ಲ ಅವರನ್ನೇ ನೋಡುತ್ತಿದ್ದೆವು. ಅವರು ರೊಟ್ಟಿ ಮುರಿದು ಮತ್ತೊಂದು ತುತ್ತು ತೆಗೆದುಕೊಂಡರು.

"ಇದು ನಾಯ್‌ಬುರ್ಗರ್. ನಮ್ಮ ದೇಶದಲ್ಲೇ ಬಹಳ ಜನಕ್ಕೆ ಗೊತ್ತಿಲ್ಲದ ಬಿಳಿ ದ್ರಾಕ್ಷಿ," ಎಂದರು. "ಶೇಂಗಾ, ಎಳ್ಳಿನ ಈ ಮಸಾಲೆಗೆ ಇಷ್ಟು ಹೊಂದುತ್ತದೆಂದು ನನ್ನ ತಮ್ಮನಿಗೂ ಗೊತ್ತಿರಲಾರದು."

ಯಜಮಾನರು ಮಜ್ಜಿಗೆಯ ಲೋಟ ಕೆಳಗಿಟ್ಟರು.

"ಹಂಗಾರ ಮದುವಿಗೆ ನಿಮ್ಮ ತಮ್ಮನನ್ನೂ ಕರೀರಿ ಅಂತ ಹೇಳವಾ, ತಾರಿಣಿ." ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ನೀ ಏನ್ ನೋಡ್ತಿ? ಆಕಿಗೆ ಇನ್ನೊಂದು ಬದನಿಕಾಯಿ ಹಾಕು."